ಕಂಡಂ ಆದ ಕಂಪ್ಯೂಟರು, ಬೂಷ್ಟು ಹಿಡಿದ ಪಾಂಡವರು

ನಲವತ್ತು ವರ್ಷದ ಹಿಂದಿನ ಒಂದು ಕಂಪ್ಯೂಟರ್ ಆಟಕ್ಕೆ ಇವತ್ತು ಅಮೆರಿಕದಲ್ಲಿ ಸಾವಿರಾರು ಡಾಲರ್ ಎಣಿಸಿ ಕೊಡುವವರಿದ್ದಾರೆ ಅಂದರೆ ನಮ್ಮೂರ ಗುಜರಿ ಸಾಹೇಬರು ನಂಬಲಿಕ್ಕಿಲ್ಲ. ಅವರ ತಪ್ಪಲ್ಲ ಬಿಡಿ. ಅವರ ತಕ್ಕಡಿಯಲ್ಲಿ ಪ್ಲಾಸ್ಟಿಕ್ಕಿಗೊಂದು ರೇಟು, ತಾಮ್ರಕ್ಕೊಂದು ರೇಟು. ಆಟಕ್ಕೆ ರೇಟಿಲ್ಲ. ಆದರೆ ಸರಕಾರಿ ದಾಸ್ತಾನು ಕೋಣೆಗಳ ಬೀಗದ ಕೈ ಇಟ್ಟುಕೊಂಡವರಿಗೂ ಇದು ಗೊತ್ತಿಲ್ಲ ಅನ್ನೋದು ಈ ವಾರದ ಮಾತು. ಅಲ್ಲಿಗೆ ಬರೋಣ. ಮೊದಲು ಆಟದ ವಿಚಾರ.

ಗುಂಡು ಹಾರಿಸೋ ಆಟ, ಕಾರು ಓಡಿಸೋ ಆಟ ಅಲ್ಲ ಇದು. ವೇಷ ಕಟ್ಟುವ ಆಟ. ರೋಲ್ ಪ್ಲೇಯಿಂಗ್ ಗೇಮ್ ಅಂತಾರೆ. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟದ ಪುಸ್ತಕ ಹೊರಬಂತು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಕಟ್ಟಿದ್ದು. ಅದಕ್ಕೆ ಕಂಪ್ಯೂಟರೂ ಬೇಡ, ಕರೆಂಟೂ ಬೇಡ. ನಾಲ್ಕೈದು ಜನ ಮೇಜಿನ ಸುತ್ತ ಕೂರೋದು. ಒಬ್ಬ ಭಾಗವತನ ಹಾಗೆ ಕಥೆ ನಡೆಸೋದು, ಉಳಿದವರದು ಒಬ್ಬೊಬ್ಬರದು ಒಂದೊಂದು ವೇಷ. ಒಬ್ಬ ಕತ್ತಿವೀರ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ. ನೆಲಮಾಳಿಗೆ ಹೊಕ್ಕು ರಕ್ಕಸರ ಜೊತೆ ಹೊಡೆದಾಡಿ ನಿಧಿ ತರಬೇಕು. ಏಟು ಬಿತ್ತೋ ತಪ್ಪಿತೋ, ಅದನ್ನ ದಾಳ ಹೇಳುತ್ತೆ. ತಾಳಮದ್ದಳೆಗೆ ಪಗಡೆ ಕೂಡಿಸಿದ ಹಾಗೆ ಅಂದುಕೊಳ್ಳಿ.

ಈ ಆಟಕ್ಕೆ ಭಾಗವತ ಸಿಗದ ಹುಡುಗರು ಕಂಪ್ಯೂಟರನ್ನೇ ಭಾಗವತನ ಜಾಗದಲ್ಲಿ ಕೂರಿಸಿದರು.

ಅಂಥವರಲ್ಲಿ ರಿಚರ್ಡ್ ಗ್ಯಾರಿಯಟ್ ಒಬ್ಬ. ಅಪ್ಪ ಓವನ್ ಗ್ಯಾರಿಯಟ್ 1973ರಲ್ಲಿ ಸ್ಕೈಲ್ಯಾಬ್‌ಗೆ ಹೋಗಿಬಂದ ಗಗನಯಾತ್ರಿ. ಮಗನಿಗೆ ಮಾತ್ರ ಆಕಾಶಕ್ಕಿಂತ ನೆಲಮಾಳಿಗೆಯ ಮೇಲೇ ಕಣ್ಣು. ಟೆಕ್ಸಾಸಿನಲ್ಲಿ, ಹ್ಯೂಸ್ಟನ್ ಹತ್ತಿರದ ಹೈಸ್ಕೂಲಿನಲ್ಲಿದ್ದಾಗ ಅಲ್ಲಿದ್ದ ಟೆಲಿಟೈಪ್ ಯಂತ್ರದ ಮೇಲೆ ಒಂದರ ಹಿಂದೊಂದು ಇಪ್ಪತ್ತೆಂಟು ಆಟ ಬರೆದ. ಪರದೆ ಇರಲಿಲ್ಲ, ಎಲ್ಲವೂ ಕಾಗದದ ಮೇಲೆ ಟಕಟಕ ಅಂತ ಅಚ್ಚಾಗಬೇಕು. ಆಮೇಲೆ ಆಪಲ್ 2 ಬಂತು. ಬೇಸಿಗೆ ರಜೆಯಲ್ಲಿ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ ತನ್ನ ಇಪ್ಪತ್ತೆಂಟನೇ ಆಟವನ್ನ ಆ ಯಂತ್ರಕ್ಕೆ ಒಗ್ಗಿಸಿದ, ಹೆಸರು ‘ಅಕಲಬೆತ್’ ಅಂತ ಇಟ್ಟ. ಅಂಗಡಿ ಯಜಮಾನರು ಮಾರು ಅಂದರು. ಅಮ್ಮ ಚಿತ್ರ ಬರೆದುಕೊಟ್ಟರು. ಜೆರಾಕ್ಸ್ ಮಾಡಿದ ನಾಲ್ಕು ಹಾಳೆ, ಒಂದು ಫ್ಲಾಪಿ, ಎರಡನ್ನೂ ತುಂಬಿದ್ದು ಅಡಿಗೆಮನೆಯಲ್ಲಿ ಇಟ್ಟುಕೊಳ್ತಾರಲ್ಲ, ಅಂಥ ಪ್ಲಾಸ್ಟಿಕ್ ಚೀಲಕ್ಕೆ. ಅಂಗಡಿಯಲ್ಲಿ ಖರ್ಚಾದದ್ದು ಬೆರಳೆಣಿಕೆಯಷ್ಟೇ. ಅದರಲ್ಲೊಂದು ಪ್ರತಿ ಹೇಗೋ ಕ್ಯಾಲಿಫೋರ್ನಿಯಾದ ಕಂಪನಿಯ ಕೈ ಸೇರಿ, 1980ರಲ್ಲಿ ದೇಶದ ತುಂಬ ಮಾರಾಟಕ್ಕೆ ಬಂತು. ಅಡಿಗೆಮನೆ ಚೀಲದ ಆ ಮೊದಲ ಪ್ರತಿಗಳಿಗೇ ಈಗ ಸಂಗ್ರಾಹಕರು ಬಾಯಿ ಬಿಡೋದು. (ಅಪ್ಪನ ದಾರಿ ಹಿಡಿದು ಈ ಮಗರಾಯನೂ 2008ರಲ್ಲಿ ಸ್ವಂತ ಖರ್ಚಿನಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದ. ಆಟದಲ್ಲಿ ದುಡ್ಡಿಲ್ಲ ಅನ್ನೋ ಹೆತ್ತವರು ಗಮನಿಸಬಹುದು.)

ಅರ್ಧ ಆಟ ಡಬ್ಬಿಯಲ್ಲಿ

ಇಲ್ಲೊಂದು ವಿಷಯ ಗಮನಿಸಬೇಕು. ಈ ಆಟಗಳು ಫ್ಲಾಪಿಯಲ್ಲಿ ಇದ್ದದ್ದು ಅರ್ಧ ಮಾತ್ರ. ಆ ಕಾಲದ ಯಂತ್ರಕ್ಕೆ ಜ್ಞಾಪಕಶಕ್ತಿ ಎಷ್ಟಿತ್ತು? ಹದಿನಾರು ಕಿಲೋಬೈಟ್, ಮೂವತ್ತೆರಡು ಕಿಲೋಬೈಟ್. 1982ರಲ್ಲಿ ಬಂದು ಜಗತ್ತಿನಲ್ಲಿ ಕೋಟಿಗೂ ಮೀರಿ ಖರ್ಚಾದ ಕಮೊಡೋರ್ 64ಕ್ಕೆ ಅದರ ಹೆಸರೇ ಹೇಳುವಂತೆ 64. ಇವತ್ತು ಮೊಬೈಲಿನಲ್ಲಿ ಹೊಡೆಯೋ ಒಂದು ಫೋಟೋ ಇಂಥ ಹತ್ತಾರು ಯಂತ್ರಕ್ಕೂ ಹಿಡಿಸೋದಿಲ್ಲ. ಅದಕ್ಕೇ 1979ರ ‘ಟೆಂಪಲ್ ಆಫ್ ಆಪ್ಷಾಯ್’ ಆಟದಲ್ಲಿ ಕೋಣೆ ಹೊಕ್ಕರೆ ಪರದೆ ಮೇಲೆ ಕೋಣೆಯ ನಂಬರ್ ಬರೋದು, ಕೋಣೆ ಹೇಗಿದೆ ಅನ್ನೋ ವರ್ಣನೆಯನ್ನ ಜೊತೆಗೆ ಕೊಟ್ಟ ಪುಸ್ತಕದಲ್ಲಿ ಹುಡುಕಿ ಓದಿಕೋಬೇಕು. 1988ರ ‘ಪೂಲ್ ಆಫ್ ರೇಡಿಯನ್ಸ್’ವರೆಗೂ ಈ ಪದ್ಧತಿ ನಡೆದುಬಂತು. ಅದರ ಪುಸ್ತಕದಲ್ಲಿ ನಂಬರ್ ಹಾಕಿದ ಪ್ಯಾರಾಗಳು, ಅದರಲ್ಲಿ ಕೆಲವು ಬೇಕಂತಲೇ ಸುಳ್ಳು. ಮುಂಚೆಯೇ ಕದ್ದು ಓದುವವನಿಗೆ ತಕ್ಕ ಶಾಸ್ತಿ!

1981ರ ‘ವಿಜಾರ್ಡ್ರಿ’ ಇನ್ನೂ ಕಠಿಣ. ಕಾರ್ನೆಲ್ ವಿಶ್ವವಿದ್ಯಾಲಯದ ಆಂಡ್ರೂ ಗ್ರೀನ್‌ಬರ್ಗ್, ರಾಬರ್ಟ್ ವುಡ್‌ಹೆಡ್ ಎಂಬ ವಿದ್ಯಾರ್ಥಿಗಳದ್ದು. ನೆಲದಡಿಯಲ್ಲಿ ಹತ್ತು ಅಂತಸ್ತು, ಒಂದೊಂದು ಅಂತಸ್ತೂ ಇಪ್ಪತ್ತಕ್ಕೆ ಇಪ್ಪತ್ತು ಮನೆ. ನಕ್ಷೆಯನ್ನ ಕಂಪ್ಯೂಟರ್ ತೋರಿಸೋದಿಲ್ಲ. ಗ್ರಾಫ್ ಹಾಳೆ, ಪೆನ್ಸಿಲ್ ಹಿಡಿದು ನೀವೇ ಬರ್ಕೋಬೇಕು. ದಾರಿ ತಪ್ಪಿಸೋ ಕತ್ತಲೆ, ಗೊತ್ತಾಗದಂತೆ ದಿಕ್ಕು ತಿರುಗಿಸೋ ನೆಲ, ಎಲ್ಲ ಉಂಟು. ಪಾತ್ರ ಸತ್ತರೆ ಸಾವು ಆ ಕ್ಷಣವೇ ಫ್ಲಾಪಿಗೆ ಬರೆದುಹೋಗುತ್ತೆ. ಮತ್ತೆ ಮೊದಲಿಂದ ಅನ್ನೋ ಹಾಗಿಲ್ಲ. ಒಳಗೆ ಕೂತ ದುಷ್ಟ ಮಾಂತ್ರಿಕನ ಹೆಸರು ವೆರ್ಡ್ನಾ, ಮೇಲಿನ ಹುಚ್ಚು ದೊರೆ ಟ್ರೆಬೊರ್. ಇಂಗ್ಲಿಷ್ ಅಕ್ಷರದಲ್ಲಿ ಬರೆದು ತಿರುವಿ ಓದಿದರೆ ಆಂಡ್ರೂ ಮತ್ತು ರಾಬರ್ಟ್. ಹುಡುಗಾಟ ನೋಡಿ.

ಗ್ಯಾರಿಯಟ್ ಮುಂದೆ ‘ಅಲ್ಟಿಮಾ’ ಸರಣಿ ಮಾಡಿದ. ಎರಡನೇ ಅಲ್ಟಿಮಾ 1982ರಲ್ಲಿ ಬಂದಾಗ ಡಬ್ಬಿಯೊಳಗೆ ನಕ್ಷೆ ಇರಬೇಕು, ಅದೂ ಬಟ್ಟೆಯ ಮೇಲೇ ಅಚ್ಚಾಗಿರಬೇಕು ಅಂತ ಹಟ ಹಿಡಿದನಂತೆ. ಅಲ್ಲಿಂದ ಅಲ್ಟಿಮಾ ಅಂದರೆ ಬಟ್ಟೆ ನಕ್ಷೆ ಅಂತಾಯ್ತು. ನನಗೆ ಕೇಳಿದರೆ ಇಡೀ ಸರಣಿಗೆ ಕಳಶ 1985ರ ನಾಲ್ಕನೆಯದು. ಅದರ ಹೆಸರಿನಲ್ಲಿ ‘ಅವತಾರ್’ ಅಂತಿದೆ. ಹೌದು ಸ್ವಾಮಿ, ನಮ್ಮದೇ ಪದ. ಗ್ಯಾರಿಯಟ್ ಅದನ್ನ ಹಿಂದೂ ಕಲ್ಪನೆಯಿಂದಲೇ ಎತ್ತಿಕೊಂಡದ್ದು. ಹಿಂದಿನ ಆಟಗಳಲ್ಲಿ ಆಡುವವರು ಸಿಕ್ಕಸಿಕ್ಕವರನ್ನ ಕೊಂದು, ಅಂಗಡಿ ದೋಚಿ ಗೆಲ್ಲೋದನ್ನ ಕಂಡು, ಹೆತ್ತವರ ಕಾಗದಗಳನ್ನೂ ಓದಿ, ಈ ಸಲ ಕೊಲ್ಲೋದಕ್ಕೆ ದುಷ್ಟ ದೊರೆಯನ್ನೇ ಇಡಲಿಲ್ಲ. ಸತ್ಯ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಮರ್ಯಾದೆ, ಅಧ್ಯಾತ್ಮ, ವಿನಯ, ಈ ಎಂಟೂ ಸಾಧಿಸಿದರೆ ಗೆಲುವು. ಇದು ಬೋರ್ಡಿನ ಮೇಲೆ ಬರೆಯೋ ಸುಭಾಷಿತ ಅಂದುಕೋಬೇಡಿ. ಮಂತ್ರಕ್ಕೆ ಬೇಕಾದ ಗಿಡಮೂಲಿಕೆ ಮಾರುವವಳು ಕಣ್ಣು ಕಾಣದ ಹೆಂಗಸು. ಇಷ್ಟಾಯ್ತು ಅಂತ ಹೇಳ್ತಾಳೆ, ಎಷ್ಟು ಕೊಡ್ತೀರೋ ಅದು ನಿಮಗೆ ಬಿಟ್ಟದ್ದು. ಕಮ್ಮಿ ಕೊಟ್ಟರೂ ಏನೂ ಅನ್ನದೆ ತಗೋತಾಳೆ. ಆದರೆ ಯಂತ್ರ ಒಳಗೇ ಲೆಕ್ಕ ಬರಕೊಂಡಿರುತ್ತೆ. ಎಷ್ಟೋ ದಿನ ಕಳೆದ ಮೇಲೆ ಸತ್ಯದ ಗುಡಿಯಲ್ಲಿ ನಿಮಗೆ ಸಿದ್ಧಿ ಸಿಗೋದಿಲ್ಲ. ಯಾಕೆ ಅಂತ ತಲೆ ಕೆರಕೋಬೇಕು.

ಸಂಗ್ರಾಹಕರಲ್ಲಿ ಎರಡು ಜಾತಿ. ಡಬ್ಬಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಹರಿಯದೆ ಗಾಜಿನ ಬೀರುವಿನಲ್ಲಿ ಇಟ್ಟು, ಬೆಲೆ ಏರೋದನ್ನ ಕಾಯುವವರದು ಒಂದು. ಇವರ ಬಗ್ಗೆ ನನಗೆ ಹೇಳೋಕೆ ಏನೂ ಇಲ್ಲ. ಪೆಟ್ಟಿಗೆಯಲ್ಲೇ ಮಡಿಚಿಟ್ಟು ಮಡಿಕೆ ಕಡೆ ಹರಿದುಹೋಗೋ ಧಾರೆ ಸೀರೆ ನೋಡಿದ್ದೀರಲ್ಲ? ಇನ್ನೊಂದು, ಆಡುವವರದು. ನಮಗೆ ಬೇಕಾದವರು ಇವರು. ಡಬ್ಬಿ ಬಿಚ್ಚಿ, ನಕ್ಷೆ ಹಾಸಿ, ಹಳೇ ಯಂತ್ರವನ್ನೇ ಹಚ್ಚಿ, ಕಮೊಡೋರ್ ಫ್ಲಾಪಿ ಡ್ರೈವು ಸೆಕೆಂಡಿಗೆ ಮುನ್ನೂರು ನಾನ್ನೂರು ಅಕ್ಷರದ ಆಮೆ ವೇಗದಲ್ಲಿ ಓದೋದನ್ನ ಕಾಯ್ತಾ, ಕಾಫಿ ಕುಡೀತಾ ಆಡುವವರು.

ಪಾಂಡವರ ಫ್ಲಾಪಿ

ಅಂಥವರೊಬ್ಬರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಅಮೆರಿಕದಲ್ಲಿ ಎಂಜಿನಿಯರ್ ಆಗಿದ್ದು ಈಗ ಊರಿಗೆ ಬಂದು ಅಡಿಕೆ ತೋಟ ನೋಡಿಕೊಂಡಿರುವವರು. “ಹೆಸರು ಗಿಸರು ಹಾಕ್ಬೇಡಿ ಮಾರಾಯ್ರೆ, ಆಮೇಲೆ ಮನೆ ಮುಂದೆ ಜನ ಕ್ಯೂ ನಿಲ್ತಾರೆ” ಅಂದರು. ಅಲ್ಲಿಂದ ಬರುವಾಗ ಫ್ರಿಜ್ಜು, ಸೋಫಾ ಎಲ್ಲ ಬಿಟ್ಟು ಕಮೊಡೋರ್ 64 ಮತ್ತು ಒಂದು ರಟ್ಟಿನ ಪೆಟ್ಟಿಗೆ ತುಂಬ ಆಟ ತಂದಿದ್ದಾರೆ. ಅಲ್ಲಿನ ಯಂತ್ರಕ್ಕೆ 110 ವೋಲ್ಟು, ನಮ್ಮದು 230. ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಕೂರಿಸಿದ್ದಾರೆ. ಹಳೇ ಪವರ್ ಸಪ್ಲೈ ಡಬ್ಬಿ ಕೆಟ್ಟರೆ ವೋಲ್ಟೇಜ್ ಏರಿಸಿ ಒಳಗಿನ ಚಿಪ್ಪುಗಳನ್ನ ಸುಟ್ಟುಬಿಡುತ್ತಂತೆ, ಆದ್ದರಿಂದ ಅದನ್ನೂ ಬದಲಾಯಿಸಿದ್ದಾರೆ.

ಅವರ ಪೆಟ್ಟಿಗೆಯಲ್ಲಿ ನನ್ನ ಕಣ್ಣು ನಿಂತದ್ದು ಆಟದ ಮೇಲಲ್ಲ, ಒಂದು ಗ್ರಾಫ್ ಪುಸ್ತಕದ ಮೇಲೆ. ‘ದಿ ಬಾರ್ಡ್ಸ್ ಟೇಲ್’ ಎಂಬ 1985ರ ಆಟದ ನಕ್ಷೆಗಳು. ಸ್ಕಾರಾ ಬ್ರೇ ಎಂಬ ಶಾಪಗ್ರಸ್ತ ಊರಿನ ಬೀದಿ, ಚರಂಡಿ, ಗೋಪುರ, ಎಲ್ಲವೂ ಪೆನ್ಸಿಲ್‌ನಲ್ಲಿ. ಪಕ್ಕದಲ್ಲಿ ಕನ್ನಡದಲ್ಲಿ ಟಿಪ್ಪಣಿ: “ಇಲ್ಲಿ ಗೋಡೆ ಸುಳ್ಳು”, “ಜೇಡ, ಹುಷಾರ್”, “ಭೀಮ ಇಲ್ಲಿ ಸತ್ತ”.

ಭೀಮ ಯಾರು? ಆ ಆಟದಲ್ಲಿ ಆರು ಜನರ ದಂಡು ಕಟ್ಟಬೇಕು. ಆಗ ಹತ್ತು ವರ್ಷದವನಾಗಿದ್ದ ಮಗ ಅಪ್ಪ ಹೇಳೋ ಕಥೆ ಕೇಳಿ ಐವರು ಪಾಂಡವರನ್ನೂ ಒಬ್ಬ ದ್ರೌಪದಿಯನ್ನೂ ಮಾಡಿದ್ದಾನೆ. ಲೆಕ್ಕ ಸರಿಹೋಯ್ತು! ಧರ್ಮರಾಯ ಪ್ಯಾಲಡಿನ್ ಎಂಬ ಧರ್ಮವೀರ, ಅರ್ಜುನ ಬೇಟೆಗಾರ, ಸಹದೇವ ಮಾಂತ್ರಿಕ, ದ್ರೌಪದಿಯೂ ಮಂತ್ರಗಾತಿ. ನಕುಲ ಹಾಡುಗಾರ. ಆ ಆಟದ ಹಾಡುಗಾರನಿಗೆ ನಾಲ್ಕು ಹಾಡು ಹಾಡುತ್ತಲೇ ಗಂಟಲು ಒಣಗಿ, ಹೆಂಡದಂಗಡಿಗೆ ಹೋದರೇನೇ ಮತ್ತೆ ಸ್ವರ ಹೊರಡೋದು. “ನಕುಲನ್ನ ಹೆಂಡದಂಗಡಿಗೆ ಕಳಿಸ್ತೀಯೇನೋ ಅಂತ ನಮ್ಮನೆಯವರು ಬೈದಿದ್ದೇ ಬೈದಿದ್ದು” ಅಂತ ನಕ್ಕರು.

ಪಾತ್ರಗಳನ್ನ ಬರೆದಿಡೋದು ಬೇರೆ ಒಂದು ಖಾಲಿ ಫ್ಲಾಪಿಯ ಮೇಲೆ. ಎರಡು ವರ್ಷ ಅಪ್ಪ ಮಗ ರಾತ್ರಿ ಕೂತು ಬೆಳೆಸಿದ ದಂಡು ಅದರಲ್ಲಿದೆ. ಮಲೆನಾಡಿನ ಮಳೆಗಾಲ ಏನು ಮಾಡುತ್ತೆ ಗೊತ್ತಲ್ಲ? ಫ್ಲಾಪಿಯ ಕಿಟಕಿಯಲ್ಲಿ ಬಿಳೀ ಚುಕ್ಕಿ. ಬೂಷ್ಟು. ಹಾಗೇ ಡ್ರೈವಿಗೆ ಹಾಕಿದರೆ ಮೇಲಿನ ಕಾಂತದ ಲೇಪ ಕಿತ್ತುಬರುತ್ತೆ, ಡ್ರೈವಿನ ಹೆಡ್ಡೂ ಕೆಡುತ್ತೆ, ಅದರ ಹಿಂದೆ ಹಾಕಿದ ಒಳ್ಳೇ ಫ್ಲಾಪಿಯೂ ಹಾಳು. ಇವರು ಹೊದಿಕೆಯ ಅಂಚು ಕತ್ತರಿಸಿ, ಹಪ್ಪಳದಷ್ಟು ತೆಳ್ಳಗಿನ ತಟ್ಟೆಯನ್ನ ಹೊರತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರಸಿ, ಬೇರೆ ಹೊದಿಕೆಯೊಳಗೆ ಹಾಕಿ, ಆಮೇಲೆ ಓದಿಸಿದ್ದಾರೆ. ಓದಿಸೋದಕ್ಕೆ ಈಗ ಅಂಗೈಯಗಲದ ಸರ್ಕ್ಯೂಟ್ ಬೋರ್ಡುಗಳು ಸಿಗುತ್ತವೆ. ಅಕ್ಷರ ಓದೋದಿಲ್ಲ ಅವು, ತಟ್ಟೆಯ ಮೇಲಿನ ಕಾಂತ ಎಲ್ಲೆಲ್ಲಿ ದಿಕ್ಕು ಬದಲಾಯಿಸಿದೆ ಅನ್ನೋದನ್ನ ಹಾಗ್‌ಹಾಗೇ ಎತ್ತಿಕೊಳ್ಳುತ್ತವೆ. ಅರ್ಥ ಬಿಡಿಸೋದು ಆಮೇಲೆ ನಿಧಾನಕ್ಕೆ.

ಪಾಂಡವರು ಬಂದರು. ಆರೂ ಜನ. ಸಮುದ್ರದಾಚೆ ಇರೋ ಮಗನಿಗೆ ಫೋಟೋ ಕಳಿಸಿದರಂತೆ. ಅವನಿಗೀಗ ಐವತ್ತು ಹತ್ತಿರ. “ಅಪ್ಪಾ, ಭೀಮನ್ನ ಬದುಕಿಸಿದ್ವಾ?” ಅಂತ ಕೇಳಿದನಂತೆ. ಬದುಕಿಸಿದ್ದರು. ಗುಡಿಯಲ್ಲಿ ಚಿನ್ನ ಕೊಟ್ಟರೆ ಸತ್ತವರು ಏಳ್ತಾರೆ ಆ ಊರಲ್ಲಿ.

ಮಜಾ ಏನೆಂದರೆ, ದುಡ್ಡು ಕೊಟ್ಟು ಅಂಗಡಿಯಿಂದ ತಂದ ಅಸಲಿ ಆಟದ ಫ್ಲಾಪಿ ಮಾತ್ರ ಓದಲೇ ಇಲ್ಲ.

ಬೀಗ ಜಡಿದವರು, ಬೀಗ ಒಡೆದವರು

ಕಾರಣ ಇದೆ. ಯಾರೂ ನಕಲು ತೆಗೀಬಾರದು ಅಂತ ಅಂದಿನ ಕಂಪನಿಗಳು ಫ್ಲಾಪಿಯ ಮೇಲೆ ಬೇಕಂತಲೇ ವಕ್ರವಾಗಿ ಬರೀತಿದ್ದರು. ಕೆಲವು ಕಡೆ ಬೇಕಂತಲೇ ತಪ್ಪು, ಕೆಲವು ಕಡೆ ಇರಬಾರದ ಅಳತೆ. ಆಟ ಶುರುವಾಗೋ ಮುಂಚೆ ಆ ತಪ್ಪು ಅಲ್ಲೇ ಇದೆಯಾ ಅಂತ ನೋಡುತ್ತೆ, ಇಲ್ಲದಿದ್ದರೆ ಕೈ ಎತ್ತಿಬಿಡುತ್ತೆ. ಸಾಮಾನ್ಯ ನಕಲಿನಲ್ಲಿ ಆ ವಕ್ರ ಬರೋದಿಲ್ಲ. ಮತ್ತೆ ಕೆಲವರು ರಟ್ಟಿನ ಚಕ್ರ ಕೊಟ್ಟು, ತಿರುಗಿಸಿ ಪದ ಹೇಳು ಅನ್ನೋರು. ವ್ಯಾಪಾರ ಅಂದಮೇಲೆ ಬೀಗ ಬೇಕೇ ಬೇಕು, ಅದನ್ನ ತಪ್ಪನ್ನೋಕಾಗೋಲ್ಲ. ಆದರೆ ಬೀಗ ಹಾಕಿದವನು ಅಂಗಡಿ ಮುಚ್ಚಿ ಹೋದ, ಬೀಗದೊಳಗಿನ ವಸ್ತು ಬೂಷ್ಟು ಹಿಡೀತಾ ಇದೆ. ಈಗೇನು?

ಆ ಕಾಲಕ್ಕೇ ಶಾಲಾ ಹುಡುಗರು, ಕಾಲೇಜು ಹುಡುಗರು ರಾತ್ರಿಯೆಲ್ಲ ಕೂತು ಆ ಬೀಗ ಒಡೆದು, ಒಡೆದವನು ನಾನೇ ಅಂತ ಅಡ್ಡಹೆಸರನ್ನೂ ಪರದೆ ಮೇಲೆ ಹಾಕಿ ಊರೂರಿಗೆ ಹಂಚಿದ್ದರು. ಕಳ್ಳತನವೇ, ಎರಡು ಮಾತಿಲ್ಲ. ಇವತ್ತು ಎಷ್ಟೋ ಆಟ ಬದುಕಿರೋದು ಆ ಕಳ್ಳ ಪ್ರತಿಗಳಿಂದ ಅನ್ನೋದೂ ಅಷ್ಟೇ ನಿಜ. ಅಮೆರಿಕದಲ್ಲಿ ಹಳೇ ಆಟಗಳ ಇತಿಹಾಸ ಕಾಪಾಡೋ ‘ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್’ 2023ರಲ್ಲಿ ಲೆಕ್ಕ ಹಾಕಿತು. 2010ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಇವತ್ತು ನ್ಯಾಯವಾಗಿ ಕೊಳ್ಳೋಣ ಅಂದರೆ ಮಾರಾಟದಲ್ಲೇ ಇಲ್ಲ. ಕಮೊಡೋರ್ 64ರ ಆಟಗಳಲ್ಲಂತೂ ಸಿಗೋದು ಶೇ. 5ಕ್ಕಿಂತ ಕಡಿಮೆ. ಗ್ರಂಥಾಲಯಗಳು, ಮಾರಾಟ ನಿಂತ ಆಟಗಳನ್ನ ಸಂಶೋಧಕರಿಗೆ ದೂರದಿಂದ ನೋಡೋದಕ್ಕಾದರೂ ಬಿಡಿ ಅಂತ ಕೇಳಿದ್ದಕ್ಕೆ 2024ರ ಅಕ್ಟೋಬರಿನಲ್ಲಿ ಅಲ್ಲಿನ ಕಾಪಿರೈಟ್ ಕಚೇರಿ ಆಗೋದಿಲ್ಲ ಅಂದಿತು.

ಪುಣ್ಯಕ್ಕೆ ಕೆಲವಕ್ಕೆ ಯೋಗ ಇತ್ತು. ನಾಲ್ಕನೇ ಅಲ್ಟಿಮಾ ಬಿಟ್ಟಿಯಾಗಿ, ಕಾನೂನು ಪ್ರಕಾರವೇ ಹಂಚಿಕೆಯಾಗಿದೆ. ‘ಬಾರ್ಡ್ಸ್ ಟೇಲ್’ 2018ರಲ್ಲಿ ಹೊಸ ಬಣ್ಣ ಬಳಿದುಕೊಂಡು ಬಂತು. ‘ವಿಜಾರ್ಡ್ರಿ’ 2024ರಲ್ಲಿ ಹಳೇ ಆಪಲ್ ಪ್ರೋಗ್ರಾಮಿನ ಮೇಲೆಯೇ ಹೊಸ ಚಿತ್ರ ಹೊದಿಸಿಕೊಂಡು ಬಂತು, ಪರದೆಯ ಮೂಲೆಯಲ್ಲಿ 1981ರ ಗೆರೆಚಿತ್ರವನ್ನೂ ನೋಡಬಹುದು. ಗ್ಯಾರಿಯಟ್ 1977ರಲ್ಲಿ ಟೆಲಿಟೈಪಿನಲ್ಲಿ ಬರೆದ ಮೊಟ್ಟಮೊದಲ ಆಟ ಉಳಿದದ್ದು ಹೇಗೆ ಗೊತ್ತೇ? ಕಾಗದದಲ್ಲಿ. ಪ್ರೋಗ್ರಾಮನ್ನ ಅಚ್ಚು ಹಾಕಿದ ಹಾಳೆಗಳನ್ನ ಇಟ್ಟುಕೊಂಡಿದ್ದ. 2014ರಲ್ಲಿ ಸ್ಪರ್ಧೆ ಇಟ್ಟು ಅದಕ್ಕೆ ಮತ್ತೆ ಜೀವ ಕೊಡಿಸಿದ.

ನಮ್ಮ ದಾಸ್ತಾನು ಕೋಣೆ

ಇದೆಲ್ಲ ಅಮೆರಿಕದ ಉಸಾಬರಿ, ನಮಗ್ಯಾಕೆ ಅನ್ನುವವರಿಗೆ ಒಂದು ನೆನಪು. 1984ರಲ್ಲಿ ಕೇಂದ್ರ ಸರಕಾರ ‘ಕ್ಲಾಸ್’ ಎಂಬ ಯೋಜನೆ ಶುರು ಮಾಡಿ ದೇಶದ ಸುಮಾರು ಎರಡೂವರೆ ನೂರು ಶಾಲೆಗಳಿಂದ ಆರಂಭಿಸಿ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರ್ ಕೊಡುತ್ತಾ ಹೋಯಿತು. ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪನಿ 1981ರಲ್ಲಿ ಮಾಡಿದ ಯಂತ್ರ. ಕೆನೆ ಬಣ್ಣದ ಡಬ್ಬಿ, ಕಪ್ಪು ಕೀಲಿ, ಮೇಲೊಂದು ಸಾಲು ಕೆಂಪು ಕೀಲಿ, ಮೂವತ್ತೆರಡು ಕಿಲೋಬೈಟ್. ಇದೇ ಯಂತ್ರದ ಮೇಲೆ ಕೇಂಬ್ರಿಜ್‌ನ ಇಬ್ಬರು ಹುಡುಗರು 1984ರಲ್ಲಿ ‘ಎಲೀಟ್’ ಎಂಬ ವ್ಯಾಪಾರ-ಕದನದ ಆಟದಲ್ಲಿ ಎಂಟು ನಕ್ಷತ್ರಮಂಡಲ ತುಂಬಿಸಿಟ್ಟರು. ನಮ್ಮ ಕಡೆ ಮಕ್ಕಳು ಮೊಟ್ಟಮೊದಲು ಬೇಸಿಕ್ ಭಾಷೆ ಮುಟ್ಟಿದ್ದೂ ಇಂಥ ಕೀಲಿಗಳ ಮೇಲೇ. ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರ್ ಕೋಣೆಗೆ ಹೋಗ್ತಿದ್ದದ್ದು ಹಲವರಿಗೆ ನೆನಪಿರಬೇಕು.

ಆ ಯಂತ್ರಗಳು ಈಗೆಲ್ಲಿವೆ? ಎಷ್ಟೋ ಕಡೆ ಕಂಡಂ ಆಗಿ ಹರಾಜಾಗಿ ಹೋಗಿವೆ. ಉಳಿದಿದ್ದರೆ ಮುರಿದ ಬೆಂಚು, ಹಳೇ ಭೂಪಟ, ತುಕ್ಕು ಹಿಡಿದ ಲೆಜಿಮಿನ ಮಧ್ಯೆ ಇರುತ್ತವೆ. ಅಸಲು ಚಿಂತೆ ಯಂತ್ರದ್ದಲ್ಲ, ಅದರ ಜೊತೆಗಿರೋ ಫ್ಲಾಪಿಗಳದ್ದು. ಅಂಗಡಿ ಆಟಕ್ಕೆ ಲೋಕದಲ್ಲಿ ಎಲ್ಲೋ ಒಂದು ಕಡೆ ಇನ್ನೊಂದು ಪ್ರತಿ ಇದ್ದೀತು. ಹಳ್ಳಿ ಹುಡುಗನೊಬ್ಬ ಆಗ ತಾನೇ ಕಲಿತು ಬರೆದ ಪ್ರೋಗ್ರಾಮಿಗೆ, ಮೇಷ್ಟರು ಕೂತು ಮಾಡಿದ ಪಾಠಕ್ಕೆ ಇನ್ನೊಂದು ಪ್ರತಿ ಇಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮೂ ಸಾಹಿತ್ಯ ಕೃತಿಯೇ. ಕಾದಂಬರಿಗೆ ಇರೋ ಹಕ್ಕೇ ಅದಕ್ಕೂ. ಅದನ್ನ ಸೀಮೆಎಣ್ಣೆ ಡಬ್ಬಿಯ ಲೆಕ್ಕದಲ್ಲಿ ವಿಲೇವಾರಿ ಮಾಡೋದು ಯಾವ ನ್ಯಾಯ?

ಹೆಡ್‌ಮಾಸ್ಟರುಗಳೇ, ನಿರುಪಯುಕ್ತ ಸಾಮಗ್ರಿ ಅಂತ ಪಟ್ಟಿ ಬರೆದು ಸಹಿ ಹಾಕೋ ಮುಂಚೆ ಒಂದು ಸಲ ಬಾಗಿಲು ತೆಗೆಸಿ ನೋಡಿ. ಕುತೂಹಲಕ್ಕೂ ಪ್ಲಗ್ ಹಾಕಬೇಡಿ. ಬಿಬಿಸಿ ಯಂತ್ರದ ಪವರ್ ಸಪ್ಲೈಯಲ್ಲಿ ಹಳೇ ಕಾಗದದ ಕೆಪಾಸಿಟರುಗಳಿವೆ. ಮೇಲ್ಮೈ ಸೀಳಿ, ವರ್ಷಗಟ್ಟಲೆ ಥಂಡಿ ಕುಡಿದು ಕೂತಿರುತ್ತವೆ. ಕರೆಂಟು ಸಿಕ್ಕಿದ ಕೂಡಲೇ ಪಟ್ ಅಂತ ಸಿಡಿದು ಕೋಣೆ ತುಂಬ ಕೆಟ್ಟ ಹೊಗೆ. ಅವನ್ನ ಬದಲಾಯಿಸಿದ ಮೇಲೇ ಹಚ್ಚಬೇಕು, ರೇಡಿಯೋ ರಿಪೇರಿ ಬಲ್ಲವರಿಗೆ ಇದು ಅರ್ಧ ಗಂಟೆ ಕೆಲಸ. ಯಂತ್ರ ಬೇಡವೇ ಬೇಡ ಅನ್ನಿಸಿದರೂ ಇ-ತ್ಯಾಜ್ಯದ ನಿಯಮದ ಪ್ರಕಾರ ನೋಂದಾಯಿತ ಘಟಕಕ್ಕೇ ಹೋಗಬೇಕು, ಗಾಡಿ ಗುಜರಿಗಲ್ಲ.

ಫ್ಲಾಪಿ ಸಿಕ್ಕರೆ ಬಿಸಿಲಿಗೆ ಒಣಹಾಕಬೇಡಿ, ಹಪ್ಪಳ ಅಲ್ಲ ಅದು. ನೆರಳಲ್ಲಿ, ಒಣ ಜಾಗದಲ್ಲಿ, ಸ್ಪೀಕರು, ಅಯಸ್ಕಾಂತಗಳಿಂದ ದೂರ ನಿಲ್ಲಿಸಿಡಿ. ಮೇಲೆ ಅಂಟಿಸಿದ ಚೀಟಿ ಉದುರಿದ್ದರೆ ಜೊತೆಗೇ ಇಡಿ. ಅದರಲ್ಲಿ ಯಾರದೋ ಹೆಸರು, ಎಂಟನೇ ಕ್ಲಾಸು ‘ಬಿ’ ವಿಭಾಗ ಅಂತ ಇರುತ್ತೆ. ಓದಿಸೋ ಸರಂಜಾಮು ಈ ಜಿಲ್ಲೆಯ ಒಂದು ತೋಟದ ಮನೆಯಲ್ಲಂತೂ ಇದೆ. ಈ ಅಂಕಣದ ಹೆಸರಿಗೆ ಪತ್ರಿಕೆಯ ಕಚೇರಿಗೆ ಒಂದು ಕಾರ್ಡು ಹಾಕಿ, ತಲುಪಿಸೋದು ನನ್ನ ಕೆಲಸ. ಸ್ಟಾಕ್ ರಿಜಿಸ್ಟರಿನಲ್ಲಿ ಫ್ಲಾಪಿ 20 ಅಂತ ಬರೆದಿದ್ದು, ಬೀರುವಿನಲ್ಲಿ ಒಂದೂ ಕಾಣದಿದ್ದರೆ ಶಾಲೆಯ ಹಳೇ ಅಟೆಂಡರನ್ನ ಕೇಳಿ. ಅವರಿಗೆ ಗೊತ್ತಿರುತ್ತೆ.